ನಮ್ಮವರ ಕಣ್ಣೀರಿನ ಪ್ರಸಾರ

ನನ್ನ ಸೊಸೆ ತನ್ನ ಮಾವನನ್ನು ಉಪವಾಸ ಕೆಡವುತ್ತಾಳೆ ಎಂದು ನಂಬಿದವರು ಈ ಪುಣೆಯಲ್ಲಿ ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ಬಿಬ್ವೇವಾಡಿಯ ನಮ್ಮ ಸೊಸಾಯಿಟಿಯಲ್ಲಂತೂ ಎಲ್ಲರೂ ನಂಬಿದ್ದರು, ಲಿಫ್ಟಿನ ಹತ್ತಿರ ಮಲಗುವ ನಾಯಿಯೊಂದನ್ನು ಬಿಟ್ಟು. ನಮ್ಮವರು ತಾವು ತಿಂದು ಮಿಕ್ಕ ರೊಟ್ಟಿಯನ್ನು ದಿನವೂ ಅದಕ್ಕೆ ಹಾಕುತ್ತಿದ್ದರು. ಹೀಗಾಗಿ ನಮ್ಮ ಮನೆಯ ಸ್ಥಿತಿಗತಿ ಅದಕ್ಕೆ ಸರಿಯಾಗಿ ಗೊತ್ತಿತ್ತು.

ನಮ್ಮವರ ಹೆಸರು ಸಿದ್ರಾಮಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ನನ್ನ ತಾಯಿ ಕಲಿಸಿದ್ದಳು. ಬರೆಯಬಾರದು ಎಂದು ಕಲಿಸಿರಲಿಲ್ಲ. ನಾನು ಬರೆಯುವಂಥವಳಾಗುತ್ತೇನೆ ಎಂದು ಪಾಪ ಅವಳಿಗೇನು ಗೊತ್ತು. ಅವರು ಬೈಲಹೊಂಗಲದ ಕಡೆಯವರು. ಲಕ್ಷ್ಮೀ ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ಗಾದಿಯ ಮೇಲೆ ಕೂತು ಜೀವಮಾನವೆಲ್ಲ ಸೀರೆ ಬಿಚ್ಚಿ ತೋರಿಸಿದವರು. ಕೆಲಸ ಬಿಟ್ಟ ಮೇಲೆ ಬಿಚ್ಚಿ ತೋರಿಸಲು ಏನೂ ಉಳಿಯಲಿಲ್ಲ. ಆಗ ಟೀವಿಯನ್ನು ಹಿಡಿದುಕೊಂಡರು.

ಬರೀ ನೋಡಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅವರು ಅದರಲ್ಲಿ ಪಂಡಿತರಾದರು. ಸಂಜೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಸೊಸಾಯಿಟಿಯ ಹಿರಿಯರೆಲ್ಲ ಸೇರುತ್ತಾರೆ. ಅಲ್ಲಿ ಇವರ ಪಾಠ ನಡೆಯುತ್ತಿತ್ತು. ಧಾರಾವಾಹಿ ಎಲ್ಲ ಸುಳ್ಳು, ಯಾಕೆಂದರೆ ಅದರಲ್ಲಿ ಹೆಂಗಸರು ಪೈಠಣಿ ಸೀರೆ ಉಟ್ಟುಕೊಂಡೇ ಮಲಗುತ್ತಾರೆ. ಸೀರೆ ಮಾರಿದ ಮನುಷ್ಯ ಅದನ್ನು ಹೇಗೆ ಒಪ್ಪಬೇಕು. ಸಾಕ್ಷ್ಯಚಿತ್ರ ಖರೆ, ಆದರೆ ಸಿಂಹ ಒಂದು ಕಡೆ ಹೋಗುತ್ತಿರುತ್ತದೆ, ಮಾತಾಡುವವನು ಇನ್ನೊಂದು ಕಡೆ ಕೂತಿರುತ್ತಾನೆ, ನಡುವೆ ನಿದ್ದೆ ಬರುತ್ತದೆ. ರಿಯಾಲಿಟಿ ಶೋ ಮಾತ್ರ ಅಪ್ಪಟ ಖರೆ. ಅಲ್ಲಿ ಅಳುವವರು ಖರೆ ಅಳುತ್ತಾರೆ, ಜಗಳಾಡುವವರು ಖರೆ ಜಗಳಾಡುತ್ತಾರೆ. ಹಾಗಿಲ್ಲದಿದ್ದರೆ ಆ ಹೆಸರು ಯಾಕೆ ಇಡುತ್ತಿದ್ದರು? ಸೊಸಾಯಿಟಿಯ ಸೆಕ್ರೆಟರಿ ಪಂಢರಿನಾಥರು ಮಹಾನಗರಪಾಲಿಕೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅವರೂ ಈ ಪಾಠಕ್ಕೆ ತಲೆದೂಗುತ್ತಿದ್ದರು. ಮುಂದೆ ನಮ್ಮ ಮನೆ ಸುಟ್ಟದ್ದು ಇದೇ ಪಾಠದ ಕಡ್ಡಿಯಿಂದ.

ನಮ್ಮ ಸೊಸೆ ಶರ್ವರಿ ಶಿರೂರಿನ ಹುಡುಗಿ, ಮರಾಠಿಯವಳು, ನನ್ನನ್ನು ಆಯೀ ಎಂದು ಕರೆಯುತ್ತಾಳೆ. ಮಗ ಅಮರ ತಾನೇ ಮೆಚ್ಚಿ ತಂದದ್ದು. ಅವನಿಗೆ ಚಾಕಣದ ಕಾರಖಾನೆಯಲ್ಲಿ ಪಾಳಿ ಕೆಲಸ. ಈ ಕಥೆಯುದ್ದಕ್ಕೂ ಅವನು ಡ್ಯೂಟಿಯಲ್ಲಿರುತ್ತಾನೆ, ಇಲ್ಲವೆ ಮಲಗಿರುತ್ತಾನೆ, ಅವನನ್ನು ಮತ್ತೆ ಕೇಳಬೇಡಿ. ಶರ್ವರಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪಾಳಣಾಘರ ನಡೆಸುತ್ತಾಳೆ. ಆಫೀಸಿಗೆ ಹೋಗುವ ತಾಯಂದಿರು ಬೆಳಿಗ್ಗೆ ಕೂಸು ಬಿಟ್ಟು ಹೋಗುತ್ತಾರೆ, ಸಂಜೆ ಬಂದು ಒಯ್ಯುತ್ತಾರೆ. ನಾಲ್ಕು ಕೂಸುಗಳಿಂದ ಶುರುವಾದದ್ದು ಕೋಣೆ ತುಂಬುವಷ್ಟಾಗಿತ್ತು. ಅವಳು ಆಡಿಸುತ್ತಾಳೆ, ಮಲಗಿಸುತ್ತಾಳೆ. ಮೆತ್ತನೆಯ ಅನ್ನ, ತೊವ್ವೆ ಮಾಡಿ ತುತ್ತು ಕೊಡುವುದು ನನ್ನ ಕೆಲಸ. ಆ ಕೋಣೆಯನ್ನು ಕಟ್ಟಲು ಅವಳು ಪಟ್ಟ ಪಾಡು ನಾನು ನೋಡಿದ್ದೇನೆ.

ಹೀಗಿರುವಾಗ ಅಂಗಡಿಯ ಹಳೆಯ ಗೆಳೆಯನೊಬ್ಬ ನಮ್ಮವರಿಗೆ ಫೋನು ಮಾಡಿದ. ಹಡಪ್ಸರದ ಆಚೆ ಯಾವುದೋ ಶೆಡ್ಡಿನಲ್ಲಿ ಹಾಡಿನ ಸ್ಪರ್ಧೆಯ ಶೂಟಿಂಗ್ ಇದೆ, ಮುಂದೆ ಕೂತು ಕೇಳಲು ವಯಸ್ಸಾದವರು ಬೇಕು ಎಂದ. ನಮ್ಮವರು ಕಟ್ಟೆಗೆ ಹೋಗಿ, ರಿಯಾಲಿಟಿ ಶೋದವರು ತಮ್ಮನ್ನು ಆರಿಸಿದ್ದಾರೆ ಎಂದು ಸಾರಿದರು. ಕೋಟು ಹಾಕಿದರು. ಮದುವೆಯಲ್ಲಿ ಸುತ್ತಿದ್ದ ರುಮಾಲು ಹುಡುಕಿಸಿದರು. ಶರ್ವರಿ ಬೆಳಿಗ್ಗೆ ಎದ್ದು ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ ಡಬ್ಬಿಗೆ ಹಾಕಿ ಕೈಗಿತ್ತಳು. ಟೀವಿಯವರು ಏನಾದರೂ ಭಾರಿ ಊಟ ಹಾಕುತ್ತಾರೆ, ಡಬ್ಬಿ ಒಯ್ದರೆ ಮರ್ಯಾದೆ ಹೋಗುತ್ತದೆ ಎಂದು ಅದನ್ನು ಟೇಬಲ್ಲಿನ ಮೇಲೆ ಬಿಟ್ಟು ನಡೆದರು.

ಸಂಜೆ ಬಂದವರು ಚಪ್ಪಲಿ ಕಳೆಯದೆ ಅಡುಗೆಮನೆಗೆ ನುಗ್ಗಿ ಆ ಡಬ್ಬಿಯನ್ನು ನಿಂತೇ ಖಾಲಿ ಮಾಡಿದರು. ಆಮೇಲೆ ಮಾತು ಬಂತು. ಅಲ್ಲಿ ಊಟವೂ ಇಲ್ಲ, ಹಾಡೂ ಇಲ್ಲ. ಕಿವಿಗೆ ಡಬ್ಬಿಯಂಥದು ಹಾಕಿಕೊಂಡ ಹುಡುಗಿಯೊಬ್ಬಳು ಬಂದು, ಹಾಡುವವರು ನಾಳೆ ಬರುತ್ತಾರೆ, ಕೇಳಿದವರ ಮುಖ ಇವತ್ತೇ ಕ್ಯಾಮೆರಾದಲ್ಲಿ ಹಿಡಿಯಬೇಕು ಎಂದಳಂತೆ. ಎಲ್ಲರೂ ಚಪ್ಪಾಳೆ ಹೊಡೆದರು. ಎಲ್ಲರೂ ನಕ್ಕರು. ಕೊನೆಗೆ, ಈಗ ಅಳಿರಿ ಎಂದಳು.

“ಅಲ್ರೀ, ಹಾಡು ಕೇಳದ ಅಳು ಹೆಂಗ ಬಂತು ನಿಮಗ?” ಎಂದೆ.

ಅವರು ಖಾಲಿ ಡಬ್ಬಿಯ ಕಡೆ ನೋಡಿದರು. “ಬದನಿಕಾಯಿ ನೆನಪಾತು,” ಎಂದರು. “ಆ ಹುಡುಗಿ ಇನ್ನೊಮ್ಮೆ ಅಳ್ರಿ ಕಾಕಾ ಅಂದ್ಳು. ಇನ್ನೊಮ್ಮೆ ನೆನಿಸಿಕೊಂಡೆ.”

ಶರ್ವರಿ ನಕ್ಕು ಸಾಕಾಗಿ ನೆಲದ ಮೇಲೆ ಕೂತಳು. ಅದು ಆ ತಿಂಗಳಲ್ಲಿ ಅವಳು ನಕ್ಕ ಕೊನೆಯ ನಗು.

ಸ್ವಲ್ಪ ದಿನಕ್ಕೆ ಟೀವಿಯಲ್ಲಿ ಆ ಹಾಡಿನ ಸ್ಪರ್ಧೆಯ ಜಾಹೀರಾತು ಬಂತು. ಕತ್ತಲೆಯ ಪರದೆ, ಪಿಟೀಲು. ಆಮೇಲೆ ನಮ್ಮವರ ಮುಖ, ಗೋಡೆಯಷ್ಟು ದೊಡ್ಡದು. ಕಣ್ಣೀರು ಕೆನ್ನೆಯ ಮೇಲೆ ಇಳಿಯಲು ಎಷ್ಟು ಹೊತ್ತು ತೆಗೆದುಕೊಂಡಿತೆಂದರೆ ನಾನು ಹಾಲು ಕಾಸಿ ಬಂದೆ, ಅದು ಇನ್ನೂ ಇಳಿಯುತ್ತಿತ್ತು. ಕೆಳಗೆ ಮರಾಠಿ ಅಕ್ಷರ ಮೂಡಿದವು. ನಾನು ರಾತ್ರಿಶಾಲೆಯಲ್ಲಿ ಕಲಿತವಳು, ಕೂಡಿಸಿ ಕೂಡಿಸಿ ಓದಬೇಕು. ಓದಿದರೆ ಹೀಗಿತ್ತು: ತಮ್ಮದೇ ಮನೆಯಲ್ಲಿ ಒಂದು ತುತ್ತಿಗೆ ಹಂಬಲಿಸುವ ಹಿರಿಯರಿಗಾಗಿ, ಈ ಭಾನುವಾರ ವಿಶೇಷ ಸಂಚಿಕೆ.

ಹಂಬಲಿಸಿದ್ದು ಖರೆ. ಹಂಬಲಿಸಿದ್ದು ಆ ಟೀವಿಯವರದೇ ಶೆಡ್ಡಿನಲ್ಲಿ ಕೂತು. ಅದನ್ನು ಯಾವ ಅಕ್ಷರದಲ್ಲೂ ಬರೆದಿರಲಿಲ್ಲ.

ನಮ್ಮವರಿಗೆ ಮಾತ್ರ ಸ್ವರ್ಗ ಸಿಕ್ಕಂತಾಗಿತ್ತು. ರುಮಾಲು ಎಷ್ಟು ಚೆಂದ ಕಂಡಿತು ನೋಡು ಎಂದು ನನ್ನನ್ನೇ ಕೇಳಿದರು. ಬರೆದದ್ದನ್ನು ಓದಿ ಹೇಳಿದೆ. ಅದು ಒಟ್ಟಾರೆ ಲೋಕಕ್ಕೆ ಹೇಳಿದ್ದು, ನಮಗಲ್ಲ ಎಂದರು.

ಲೋಕ ಹಾಗೆ ತಿಳಿಯಲಿಲ್ಲ. ಮೊದಲು ಬಂದವಳು ಕೆಳಗಿನ ಮನೆಯ ಇಂದೂ. ಅವಳ ಮಗಳು ಯಶ್ಮಿತಾ ಇನ್ನೂ ಮಾತು ಬಾರದ ಕೂಸು, ನಮ್ಮ ಪಾಳಣಾಘರಕ್ಕೇ ಬರುತ್ತಿತ್ತು. ಇಂದೂ ತುಪ್ಪ ತೇಲುವ ಶಿರಾ ತುಂಬಿದ ಬಟ್ಟಲು ತಂದು, ನನ್ನನ್ನೂ ಶರ್ವರಿಯನ್ನೂ ದಾಟಿ, ನೇರ ನಮ್ಮವರ ಕೈಗೆ ಕೊಟ್ಟಳು. ತಿನ್ನುವ ತನಕ ಎದುರಿಗೇ ನಿಂತಳು. ಎರಡನೆಯ ಮಹಡಿಯಿಂದ ಸಾಬುದಾಣಿ ವಡೆ ಬಂದವು. ಪಂಢರಿನಾಥರ ಮನೆಯಿಂದ ಪೂರಣಪೋಳಿ ಬಂತು. ಬಂದದ್ದನ್ನು ಬೇಡ ಅನ್ನುವ ಗುಣ ನಮ್ಮವರಲ್ಲಿ ಹುಟ್ಟಿನಿಂದಲೂ ಇಲ್ಲ. ಊಟ ಮಾಡಿ ಎದ್ದ ಮೇಲೂ ಅವರು ಆ ಬಟ್ಟಲುಗಳನ್ನು ಎಷ್ಟು ಶ್ರದ್ಧೆಯಿಂದ ನೆಕ್ಕಿದರೆಂದರೆ, ನೋಡಿದವರ ಕಣ್ಣಲ್ಲಿ ನೀರು ಬಂತು.

ಬಂದ ಬಟ್ಟಲನ್ನು ಖಾಲಿ ತಿರುಗಿ ಕೊಡುವುದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ನಾನು ಶೇಂಗಾ ಹೋಳಿಗೆ, ಮಾದಲಿ ತುಂಬಿ ಕಳಿಸಿದೆ. ಅದೂ ತಪ್ಪಾಯಿತು. ಹೊರಗಿನವರಿಗೆ ಹೋಳಿಗೆ, ಮನೆಯ ಹಿರಿಯನಿಗೆ ಕಣ್ಣೀರು ಎಂದು ಮೆಟ್ಟಿಲ ಮೇಲೆ ಮಾತು ಹಬ್ಬಿತು. ಇವರು ನಾಯಿಗೆ ರೊಟ್ಟಿ ಹಾಕುವುದನ್ನು ಪಂಢರಿನಾಥರು ಎಂದೋ ಕಂಡಿದ್ದರು. ನಾಯಿಗಷ್ಟೇ ಲಾಯಕ್ಕಾದ ರೊಟ್ಟಿಯನ್ನು ಆ ಸೊಸೆ ಮುದುಕನಿಗೆ ಬಡಿಸುತ್ತಿರಬೇಕು ಎಂದು ಈಗ ಅವರಿಗೆ ಅರ್ಥವಾಯಿತಂತೆ. ಆ ನಾಯಿಗೆ ಬಾಯಿ ಬಂದಿದ್ದರೆ ನಮ್ಮ ಪರವಾಗಿ ಒಂದು ಮಾತು ಆಡುತ್ತಿತ್ತು.

ಸೋಮವಾರ ಪಾಳಣಾಘರಕ್ಕೆ ಅರ್ಧ ಕೂಸುಗಳು ಬರಲಿಲ್ಲ. ಶರ್ವರಿ ಒಬ್ಬೊಬ್ಬರಿಗೇ ಫೋನು ಮಾಡಿದಳು. ಕೂಸಿಗೆ ನೆಗಡಿ ಎಂದರು, ಅಜ್ಜಿ ಊರಿಂದ ಬಂದಿದ್ದಾಳೆ ಎಂದರು. ಇಂದೂ ಒಬ್ಬಳೇ ನೆಟ್ಟಗೆ ಮಾತಾಡಿದಳು. ಮಾವನಿಗೇ ತುತ್ತು ಕೊಡದ ಕೈಗೆ ನನ್ನ ಯಶ್ಮಿತಾಳನ್ನು ಹೇಗೆ ಕೊಡಲಿ ಎಂದಳು. ಶರ್ವರಿ ಫೋನು ಕೆಳಗಿಟ್ಟು, ಆಟಿಕೆಗಳನ್ನು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ವಾರ ಕಳೆಯುವುದರೊಳಗೆ ಕೋಣೆಯಲ್ಲಿ ತೊಟ್ಟಿಲುಗಳು ಮಾತ್ರ ಉಳಿದವು.

ಆವಾಗ ನಮ್ಮವರ ತಂಗಿ ಗೌರಾಬಾಯಿ ಬಂದಳು. ಜೇಜುರಿಗೆ ಖಂಡೋಬನ ದರ್ಶನಕ್ಕೆ ಊರಿನವರ ಜೊತೆ ಬಂದಿದ್ದವಳು, ಅಲ್ಲಿ ಯಾರದೋ ಮೊಬೈಲಿನಲ್ಲಿ ಅಣ್ಣನ ಕಣ್ಣೀರು ನೋಡಿ, ಹಣೆ ತುಂಬ ಭಂಡಾರದ ಅರಿಶಿಣ ಹಾಗೇ ಇಟ್ಟುಕೊಂಡು ಬಸ್ಸು ಹತ್ತಿದ್ದಳು. ಶರ್ವರಿ ಕಾಲಿಗೆ ಬಿದ್ದರೆ ಆಶೀರ್ವಾದ ಮಾಡಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದಳು. ಜೋಳದ ಹಿಟ್ಟಿನ ಡಬ್ಬಿ ಕಂಠದ ತನಕ ತುಂಬಿತ್ತು. ನೋಡು ಎಂದೆ.

“ನೋಡಿದ್ನಿ ಬಿಡ ಚನ್ನಬಸವ್ವ. ಡಬ್ಬಿ ತುಂಬೇತಿ ಅಂದ್ರ ಮನ್ಯಾಗ ಯಾರಿಗೂ ರೊಟ್ಟಿ ಬಡದು ಹಾಕಿಲ್ಲ ಅಂತಲ್ಲೇನ?”

ಬೇಳೆಯ ಡಬ್ಬಿ ತಳ ಕಂಡಿತ್ತು. ಅದಕ್ಕೆ, ಬೇಳೆಯೂ ಗತಿಯಿಲ್ಲ ಎಂದಳು. ಇಂಥವಳ ಎದುರು ಯಾವ ಡಬ್ಬಿ ತಾನೇ ಗೆದ್ದೀತು. ಅಣ್ಣನನ್ನು ಊರಿಗೆ ಕರೆದೊಯ್ಯುತ್ತೇನೆ ಎಂದು ಅವರ ಅಂಗಿಗಳನ್ನು ಗಂಟು ಕಟ್ಟಿದಳು. ನಮ್ಮವರು ಗಂಟಿನ ಹಿಂದೆ ಹಿಂದೆ ತಿರುಗುತ್ತ, ಊರಲ್ಲಿ ಈ ಚಾನೆಲ್ಲು ಬರುತ್ತದೋ ಇಲ್ಲವೋ ಎಂದು ಕೇಳಿದರು.

ನಾನು ಸಹನೆಯ ಹೆಂಗಸು. ಬೀಗರು ಬಂದು ಬೈದರೂ ಚಹಾ ಕೊಟ್ಟು ಕಳಿಸಿದವಳು. ಆದರೆ ಅಂದು ನಮ್ಮವರ ಎದುರು ನಿಂತು, ಇವತ್ತೇ ಕಟ್ಟೆಗೆ ಹೋಗಿ ನಿಜ ಹೇಳಿ ಬರದಿದ್ದರೆ ಈ ಮನೆಯಲ್ಲಿ ಟೀವಿ ಇರುವುದಿಲ್ಲ ಎಂದೆ. ಅವರು ಹೆದರಿ ಕಟ್ಟೆಗೆ ಹೋದರು. ನಾನು ಬಾಲ್ಕನಿಯಲ್ಲಿ ನಿಂತು ಕೇಳಿದೆ. ತಮ್ಮ ಸೊಸೆ ಬಂಗಾರದಂಥವಳು, ಆ ದಿನ ಹಾಡೇ ಇರಲಿಲ್ಲ, ಅಳಿರಿ ಎಂದರು, ಅತ್ತುಬಿಟ್ಟೆ ಎಂದು ಇವರು ಮರಾಠಿಯಲ್ಲಿ ಹೇಳಿದರು. ಪಂಢರಿನಾಥರು ಇವರ ಭುಜ ತಟ್ಟಿ ಹೇಳಿದರು:

“ಸಿದ್ರಾಮಪ್ಪಾ, ರಿಯಾಲಿಟಿಯೊಳಗ ಅಳೋರು ಖರೇನ ಅಳ್ತಾರ ಅಂತ ನಮಗ ಕಲಿಸಿದವರು ನೀವ. ಮನಿಯವರಿಗೆ ಅಂಜಿ ಸುಳ್ಳು ಹೇಳಬ್ಯಾಡ್ರಿ. ನಾವ ಇದ್ದೀವಿ.”

ಯಾರೋ ಭೇಳ್ ಕಟ್ಟಿಸಿ ತಂದಿದ್ದರು, ನಮ್ಮವರು ಅದನ್ನು ತಿಂದರು. ಖಾರ ಹತ್ತಿ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಮುದುಕರೆಲ್ಲ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಈ ಸುದ್ದಿ ಆ ಹಾಡಿನ ಸ್ಪರ್ಧೆಯ ಚಾನೆಲ್ಲಿನವರಿಗೂ ಮುಟ್ಟಿತು. ಯಾರು ಮುಟ್ಟಿಸಿದರೋ. ವಿಕ್ರಮ ಎಂಬ ಹುಡುಗ ಕ್ಯಾಮೆರಾದವರನ್ನು ಕರೆದುಕೊಂಡು ಬಾಗಿಲಿಗೇ ಬಂದ. ಬಾಯಿ ತುಂಬ ಅಜ್ಜಿ, ಅಜ್ಜಿ. ತಮ್ಮ ಕಾರ್ಯಕ್ರಮದಲ್ಲಿ ಅತ್ತ ಅಜ್ಜನ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಾನಂತೆ. ಕಡೆಯಲ್ಲಿ ಸೊಸೆ ಮಾವನ ಕಾಲು ಹಿಡಿದು ಕ್ಷಮೆ ಕೇಳಿ ಒಂದು ತುತ್ತು ತಿನ್ನಿಸಿದರೆ, ನೋಡಿದವರ ಮನಸ್ಸು ಕರಗುತ್ತದಂತೆ. ಶರ್ವರಿ ಖಾಲಿ ಕೋಣೆಯ ಬಾಗಿಲು ಹಾಕಿಕೊಂಡಳು. ಅವನನ್ನು ಹೊರಗೆ ಹಾಕಬಹುದಿತ್ತು. ಆದರೆ ನಾನು ಯೋಚಿಸಿದೆ. ಸುಳ್ಳು ಹೋದ ದಾರಿಯಲ್ಲೇ ನಿಜವನ್ನೂ ಕಳಿಸಿದರೆ ಅದು ಅಷ್ಟೇ ಮನೆಗಳಿಗೆ ಮುಟ್ಟೀತು, ತೊಟ್ಟಿಲುಗಳು ಮತ್ತೆ ತುಂಬಿಯಾವು. ಒಳಗೆ ಬಾ ಎಂದೆ. ನನ್ನ ಶಾಣ್ಯಾತನ ಇಷ್ಟೇ.

ಕ್ಯಾಮೆರಾ ಬಂದದ್ದು ಕಂಡು ಸೊಸಾಯಿಟಿ ಪೂರ್ತಿ ನಮ್ಮ ಅಡುಗೆಮನೆಯ ತನಕ ಬಂತು. ಇಂದೂ ಒಲೆಗೆ ಒರಗಿ ನಿಂತಳು, ಪಂಢರಿನಾಥರು ನೀರಿನ ಹಂಡೆಯ ಪಕ್ಕ, ಗೌರಾಬಾಯಿ ಗಂಟಿನ ಮೇಲೆ. ನಾನು ಸಾರು ಕಲಕುತ್ತಿದ್ದೆ. ಸೌಟು ಕೈಯಲ್ಲಿರುವಂತೆಯೇ ನಮ್ಮವರ ಕಡೆ ತಿರುಗಿದೆ.

“ಹೇಳ್ರಿ ಈಗ. ಎಲ್ಲಾರ ಮುಂದ ಹೇಳ್ರಿ. ಅವತ್ತ ನೀವ ಯಾಕ ಅತ್ರಿ?”

ಇವರು ಕ್ಯಾಮೆರಾ ನೋಡಿ ರುಮಾಲು ಸರಿಮಾಡಿಕೊಳ್ಳತೊಡಗಿದರು. ಹೇಳುತ್ತೀರೋ ಇಲ್ಲವೋ ಎಂದು ನಾನು ಸೌಟು ಎತ್ತಿದೆ. ಆಗ ಎಲ್ಲ ಹೇಳಿದರು. ಸೊಸೆ ಕಟ್ಟಿಕೊಟ್ಟ ಡಬ್ಬಿ, ಅದನ್ನು ಬಿಟ್ಟು ಹೋದದ್ದು, ಹೊತ್ತು ಮುಳುಗುವ ತನಕ ಒಂದು ಚಹಾ ಕೂಡ ಕಾಣದೆ ಕೂತದ್ದು, ಬದನೆಕಾಯಿ. ಜನ ಮೊದಲು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ನಕ್ಕರು. ಪಂಢರಿನಾಥರು ಕೆಮ್ಮಿದರು. ಇಂದೂ ಕೆಂಪಾಗಿ ನನ್ನ ಕಡೆ ತಿರುಗಿ, ತಪ್ಪಾಯಿತು ಕಾಕೂ, ನಾಳೆಯಿಂದ ಯಶ್ಮಿತಾಳನ್ನು ಕಳಿಸುತ್ತೇನೆ ಎಂದಳು. ಬಾಗಿಲ ಸಂದಿಯಲ್ಲಿ ನಿಂತಿದ್ದ ಶರ್ವರಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗೌರಾಬಾಯಿ ಗಂಟು ಬಿಚ್ಚಿ ಅಣ್ಣನ ಅಂಗಿಗಳನ್ನು ಹೊರಗೆ ತೆಗೆದಳು.

ನಿಜ ಗೆದ್ದಿತ್ತು. ನಾನೇ ನೋಡಿದೆ. ವಿಕ್ರಮ ಮಾತ್ರ ಹತ್ತಿರ ಬಂದು, ಅಜ್ಜಿ, ನಿಮ್ಮ ಸಿಟ್ಟು ಬಹಳ ಚೆನ್ನಾಗಿ ಬಂತು, ಸೌಟು ಇನ್ನೊಮ್ಮೆ ಎತ್ತುತ್ತೀರಾ ಎಂದ. ಎತ್ತುವುದಿಲ್ಲ, ಹೊರಗೆ ನಡಿ ಎಂದು ಬಾಗಿಲು ತೋರಿಸಿದೆ. ಅದನ್ನೂ ಕ್ಯಾಮೆರಾದಲ್ಲಿ ಹಿಡಿದುಕೊಂಡು ಹೋದ.

ಕೂಸುಗಳು ಮರಳಿ ಬಂದವು. ಮುಂದಿನ ಭಾನುವಾರ ಎಲ್ಲರೂ ಟೀವಿ ಮುಂದೆ ಕೂತೆವು. ಪಿಟೀಲು ಶುರುವಾಯಿತು. ನಮ್ಮವರ ಹಳೆಯ ಕಣ್ಣೀರು ಹರಿಯಿತು. ಆಮೇಲೆ ಗುಡುಗಿನಂಥ ಸದ್ದಾಗಿ ಪರದೆಯ ತುಂಬ ನಾನು. ಕಣ್ಣು ಕೆಂಪು, ಕೈಯಲ್ಲಿ ಸೌಟು. ಆ ಸೌಟು ಮೇಲೇಳಲು ಎಷ್ಟು ಹೊತ್ತು ತೆಗೆದುಕೊಂಡಿತೆಂದರೆ ನನಗೇ ನನ್ನ ಭಯವಾಯಿತು. ಅದರ ಎದುರು ನಮ್ಮವರು ರುಮಾಲು ಹಿಡಿದುಕೊಂಡು ನಡುಗುತ್ತಿದ್ದಾರೆ. ಬಾಗಿಲ ಸಂದಿಯಲ್ಲಿ ಸೊಸೆ ಕಣ್ಣೊರೆಸಿಕೊಳ್ಳುತ್ತಾಳೆ. ಬದನೆಕಾಯಿಯ ಮಾತಿಲ್ಲ. ಡಬ್ಬಿಯ ಮಾತಿಲ್ಲ. ಮಾತಾಡಿದ್ದು ಯಾವನೋ ಗಡಸು ದನಿಯವನು: ಆ ಮನೆಯಲ್ಲಿ ಮಾವ ಸೊಸೆ ಇಬ್ಬರೂ ಒಬ್ಬಳ ಕೈಯಲ್ಲಿ ನಲುಗುತ್ತಿದ್ದಾರೆ.

ಸಿಂಹ ಒಂದು ಕಡೆ, ಮಾತು ಇನ್ನೊಂದು ಕಡೆ. ನನಗಂತೂ ನಿದ್ದೆ ಬರಲಿಲ್ಲ.

ಮರುದಿನ ಕೂಸುಗಳು ಮತ್ತೆ ಬರಲಿಲ್ಲ, ಇಂದೂ ಒಬ್ಬಳೇ ಬಂದಳು. ನನ್ನ ಒಲೆಗೇ ಒರಗಿ ನಿಂತು ಎಲ್ಲವನ್ನೂ ಕಣ್ಣಾರೆ ಕಂಡವಳು ಅವಳು. ಶರ್ವರಿಯನ್ನು ಅಪ್ಪಿಕೊಂಡು ಅತ್ತಳು. ನೀನಿದ್ದೆಯಲ್ಲ ಅಲ್ಲಿ, ನೀನೇ ಹೇಳು ಎಂದೆ. ನನ್ನ ಮುಖ ನೋಡದೆ ಅಂದಳು:

“ಇದ್ದೆ ಕಾಕೂ. ಆದ್ರ ಅವತ್ತ ಸಂಗೀತ ಇರಲಿಲ್ಲಲ್ಲ. ನಂಗ ಅಷ್ಟು ತಿಳೀಲಿಲ್ಲ.”

ಇದಕ್ಕೆ ಏನು ಹೇಳಬೇಕೋ ಯಾವ ಶಾಲೆಯಲ್ಲೂ ಕಲಿಸುವುದಿಲ್ಲ, ಹಗಲು ಶಾಲೆಯಲ್ಲೂ. ಗೌರಾಬಾಯಿ ಮತ್ತೆ ಅಂಗಿಗಳನ್ನು ಗಂಟು ಕಟ್ಟಿದಳು. ಈ ಸಲ ಸೊಸೆಯನ್ನೂ ಕರೆದೊಯ್ಯುತ್ತಾಳಂತೆ. ನಾನು ಚಹಾ ಕೊಟ್ಟು, ಗೌರಾಬಾಯಿಯೊಬ್ಬಳನ್ನೇ ಬಸ್ಸು ಹತ್ತಿಸಿ ಬಂದೆ.

ಸಂಜೆ ಪಂಢರಿನಾಥರು ತಾಯಂದಿರನ್ನು ಹಿಂದಿಟ್ಟುಕೊಂಡು ಬಂದು, ಮೆಲ್ಲಗೆ, ಸಭೆಯಲ್ಲಿ ಮಾತಾಡಿದಂತೆ ಮಾತಾಡಿದರು. ಶರ್ವರಿಯ ಮೇಲೆ ಯಾರಿಗೂ ದೂರಿಲ್ಲ. ಕೂಸುಗಳೆಲ್ಲ ನಾಳೆಯಿಂದ ಮರಳಿ ಬರುತ್ತವೆ. ಒಂದೇ ಷರತ್ತು, ಅಜ್ಜಿ ಆ ಕೋಣೆಗೆ ಕಾಲಿಡಬಾರದು, ಕೂಸುಗಳ ಅನ್ನಕ್ಕೆ ಕೈ ಹಚ್ಚಬಾರದು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತೊಟ್ಟಿಲುಗಳು ತುಂಬುತ್ತವೆ, ಶರ್ವರಿಯ ಹೆಸರಿಗೆ ಹತ್ತಿದ ಮಸಿ ತೊಳೆದುಹೋಯಿತು. ನನ್ನ ಹೆಸರು ಹೋದರೆ ಈ ವಯಸ್ಸಿನಲ್ಲಿ ಅದನ್ನು ಇಟ್ಟುಕೊಂಡು ನಾನೇನು ಅಂಗಡಿ ತೆರೆಯಬೇಕೇ. ಆಗಲಿ ಎಂದು ಬಾಯಿ ತೆರೆದೆ. ಇಷ್ಟು ದಿನ ಯಾರು ಏನಂದರೂ ಬಾಯಿ ಬಿಡದ ಶರ್ವರಿ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು. ಮೊದಲು ಮರಾಠಿಯಲ್ಲಿ ಅಂದಳು. ಆಮೇಲೆ, ನನಗೂ ಸರಿಯಾಗಿ ಕೇಳಲಿ ಎಂದೋ ಏನೋ, ಕನ್ನಡದಲ್ಲಿ ಅಂದಳು.

“ನಾಳಿಯಿಂದ ಆಯೀ ಬಾಗಲದಾಗ ಕುರ್ಚಿ ಹಾಕ್ಕೊಂಡು ಕೂಡ್ತಾರ. ಕೂಸು ಒಳಗ ಬರಬೇಕಂದ್ರ ಅವರ ಕೈಯಾಗ ಕೊಟ್ಟು ಹೋಗಬೇಕು. ಒಲ್ಲದವರು ಕರಕೊಂಡು ಹೋಗ್ರಿ. ಖೋಲಿ ಖಾಲಿ ಇದ್ರೂ ನಂಗ ಚಿಂತಿಲ್ಲ.”

ಖಾಲಿ ಕೋಣೆಯಿಂದ ಅವಳಿಗೆ ಎಷ್ಟು ಚಿಂತೆ ಎಂದು ನನಗೆ ಗೊತ್ತಿತ್ತು. ಒಳಗೆ ಹೋದ ಮೇಲೆ ಹುಚ್ಚಿ ಎಂದು ಬೈದೆ. ಕೇಳಿಸದಂತೆ ಆಟಿಕೆ ಜೋಡಿಸಿದಳು. ನಮ್ಮವರು ಮಾತ್ರ, ಸೊಸೆ ಹೇಳಿದ್ದು ಭಾಳ ಚಲೋ ಬಂತು, ಯಾರಾದರೂ ಕ್ಯಾಮೆರಾದಾಗ ಹಿಡಕೊಂಡರೋ ಇಲ್ಲವೋ ಎಂದು ಕೇಳಿದರು. ಟೀವಿಯ ರಿಮೋಟನ್ನು ಅಂದು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ. ಅವರು ಈ ಮನೆಯಲ್ಲಿ ಎಂದೂ ಮುಚ್ಚಳ ತೆಗೆಯದ ಡಬ್ಬಿ ಅದು.

ಬೆಳಿಗ್ಗೆ ಬಾಗಿಲಲ್ಲಿ ಕುರ್ಚಿ ಹಾಕಿ ನನ್ನನ್ನು ಕೂರಿಸಿದಳು. ಮೆಟ್ಟಿಲ ಮೇಲೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ನಿಂತರು. ಯಾರೂ ಮೇಲೆ ಬರಲಿಲ್ಲ, ಯಾರೂ ಕೆಳಗೆ ಇಳಿಯಲಿಲ್ಲ. ಪಂಢರಿನಾಥರು ನಡುವೆ ನಿಂತು ಎಲ್ಲರಿಗೂ ಶಾಂತಿ ಹೇಳುತ್ತಿದ್ದರು. ನಾನು ಕೈ ಮಡಚಿ ಕೂತಿದ್ದೆ. ಇನ್ನು ಸ್ವಲ್ಪ ಹೊತ್ತಾದರೆ ಇವರೆಲ್ಲ ಇಳಿದು ಹೋಗುತ್ತಾರೆ, ಶರ್ವರಿ ಮತ್ತೆ ಖಾಲಿ ತೊಟ್ಟಿಲು ಒರೆಸುತ್ತಾಳೆ ಎಂದುಕೊಂಡೆ.

ಅಷ್ಟರಲ್ಲಿ ಗೇಟಿನ ಹತ್ತಿರ ಹಿಂಜವಡಿಯ ಆಫೀಸಿನ ಬಸ್ಸು ಹಾರ್ನ್ ಹೊಡೆಯಿತು. ಇಂದೂ ಗೇಟಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಬಸ್ಸು ಮತ್ತೆ ಹಾರ್ನ್ ಹೊಡೆಯಿತು. ಟೀವಿಯ ಮೇಲಿನ ನಂಬಿಕೆ ಗಟ್ಟಿಯಾದದ್ದೇ, ಆದರೆ ಅದು ಯಾರನ್ನೂ ಆಫೀಸಿಗೆ ಮುಟ್ಟಿಸುವುದಿಲ್ಲ. ದಡದಡ ಮೆಟ್ಟಿಲು ಹತ್ತಿ ಬಂದು ಯಶ್ಮಿತಾಳನ್ನು ನನ್ನ ಮಡಿಲಲ್ಲಿ ಕೂರಿಸಿ, ಚೀಲ ನನ್ನ ಹೆಗಲಿಗೇ ಹಾಕಿ ತಿರುಗಿದಳು. ನಾಲ್ಕು ಮೆಟ್ಟಿಲು ಇಳಿದವಳು ನಿಂತಳು.

“ಕಾಕೂ, ಹಲ್ಲು ಬರ್ಲಿಕತ್ತಾವ. ಅನ್ನ ಚಲೋ ಮೆತ್ತಗ ಕಲಸಿ ತಿನ್ನಸ್ರಿ,” ಎಂದಳು.

“ನಂಗ ಹೇಳ್ಕೊಡಬ್ಯಾಡ,” ಎಂದೆ. “ನಡಿ, ಬಸ್ಸು ಹೋದೀತು.”

ಅವಳ ಹಿಂದಿನವಳು ಆಗಲೇ ಕೂಸನ್ನು ಮುಂದಕ್ಕೆ ಚಾಚಿಕೊಂಡು ನಿಂತಿದ್ದಳು.